ದ್ಮಿತ್ರಿ ಉಸ್ತಿನೋವನ ಅಧಿಕಾರಜೀವನ

ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಆಯುಧಾಗಾರಾಧ್ಯಕ್ಷನ ಕರ್ತವ್ಯವನ್ನೂ ಸೇನಾಪತಿಯ ಕರ್ತವ್ಯವನ್ನೂ ಬೇರೆಬೇರೆಯಾಗಿಯೇ ನಿರೂಪಿಸಿರುವನು. ಆಯುಧವನ್ನು ಮಾಡಿಸಿ ಕೊಡತಕ್ಕವನು ಒಬ್ಬನಾದರೆ, ಅದನ್ನು ಯುದ್ಧದಲ್ಲಿ ಪ್ರಯೋಗಿಸತಕ್ಕವನು ಮತ್ತೊಬ್ಬನು. ಈ ಎರಡು ಅಧಿಕಾರಗಳೂ ಒಬ್ಬನಲ್ಲಿಯೇ ಬಂದು ಸೇರಿದರೆ ಏನಾಗುವುದೆಂಬುದಕ್ಕೆ ಸೋವಿಯೆಟ್ ರಷ್ಯದ ದ್ಮಿತ್ರಿ ಉಸ್ತಿನೋವನ ಚರಿತ್ರೆಯು ಒಳ್ಳೆಯ ನಿದರ್ಶನ.

ಈತನು 1908ರಲ್ಲಿ ಸಮಾರಾ ಪಟ್ಟಣದಲ್ಲಿ ಕಾರ್ಮಿಕನೊಬ್ಬನ ಮಗನಾಗಿ ಹುಟ್ಟಿದನು. ಲೆನಿನ್‌ಗ್ರಾಡಿನಲ್ಲಿ ಸೈನಿಕ ಯಂತ್ರಶಾಸ್ತ್ರವನ್ನು ಕಲಿತು 1934ರಲ್ಲಿ ಇಂಜಿನಿಯರನಾದನು. ನಾಲ್ಕೇ ವರ್ಷಗಳಲ್ಲಿ ಆ ನಗರದ ‘ಬೋಲ್ಷೆವಿಕ್’ ಫಿರಂಗಿ ಕಾರ್ಖಾನೆಗೆ ನಿರ್ದೇಶಕನಾದನು. ಇಷ್ಟು ಶೀಘ್ರದ ಏಳಿಗೆಗೆ ಆತನ ದಕ್ಷತೆಯೊಂದೇ ಕಾರಣವೆನ್ನಲಾಗದು. 1937-38ರ ಬಂಧನಗಳೂ ಮರಣದಂಡನೆಗಳೂ ಹಿರಿಯರ ಸ್ಥಾನಗಳನ್ನು ಬರಿದುಮಾಡಿದ್ದುವು.

1941ರ ಜೂನ್ 9ರಂದು ಆತನು ಆಯುಧಖಾತೆಯ ಜನಕಮಿಸಾರನಾದುದೂ ಇಂತಹ ಸಂದರ್ಭದಲ್ಲಿಯೇ. ಆತನಿಗಿಂತ ಹಿಂದೆ ಆ ಪದವಿಯಲ್ಲಿದ್ದ ವಾನ್ನಿಕೋವನು ಆಗ ಸೆರೆಯಲ್ಲಿದ್ದನು. ಹದಿಮೂರು ದಿನಗಳಲ್ಲಿ ಜರ್ಮನರು ದಂಡೆತ್ತಿ ಬಂದರು. ಜುಲೈ ತಿಂಗಳಿನಲ್ಲಿ ವಾನ್ನಿಕೋವನನ್ನು ಸೆರೆಯಿಂದ ಬಿಡಿಸಿ, ಮೂವತ್ತೆರಡು ವರ್ಷದ ಉಸ್ತಿನೋವನ ಕೈಕೆಳಗೆ ಉಪಾಧಿಕಾರಿಯನ್ನಾಗಿ ನೇಮಿಸಿದರು! ಆ ಕಾಲದ ಆಡಳಿತವು ಎಂತಹುದೆಂಬುದನ್ನು ತಿಳಿಯಲು ಇದೊಂದು ಸಂಗತಿಯೇ ಸಾಕು.

ಯುದ್ಧಕಾಲದಲ್ಲಿ ಆತನ ಸಾಮರ್ಥ್ಯವು ನಿಸ್ಸಂದೇಹವಾಗಿ ಪ್ರಕಟವಾಯಿತು. ಶತ್ರುವಿಗೆ ಸಿಕ್ಕದಂತೆ ಕಾರ್ಖಾನೆಗಳನ್ನು ಕಳಚಿ ರೈಲಿನಲ್ಲಿ ಪೂರ್ವಕ್ಕೆ ಸಾಗಿಸಬೇಕಾಯಿತು. ಗ್ರಾಬಿನನು ರಚಿಸಿದ 76 ಮಿಲಿಮೀಟರಿನ ‘ಜಿಸ್-3’ ಫಿರಂಗಿಯು ಹಿಂದಿನವುಗಳಿಗಿಂತ ಕಡಮೆ ಲೋಹವನ್ನೂ ಕಡಮೆ ದುಡಿಮೆಯನ್ನೂ ಬೇಡುತ್ತಿದ್ದುದರಿಂದ ಒಂದು ಲಕ್ಷಕ್ಕೂ ಮಿಕ್ಕು ತಯಾರಾಯಿತು. ಇದಕ್ಕಿಂತಲೂ ದೂರದೃಷ್ಟಿಯುಳ್ಳ ಕಾರ್ಯವು 1946ರದು. ವಿಮಾನಖಾತೆಯವರು ಅಷ್ಟಾಗಿ ಆದರಿಸದ ರಾಕೆಟ್ಟಿನ ಕೆಲಸವನ್ನು ಉಸ್ತಿನೋವನ ಖಾತೆಯು ವಹಿಸಿಕೊಂಡಿತು. ಕೊರೊಲ್ಯೋವನು ಆ ಖಾತೆಯ ಆಶ್ರಯದಲ್ಲಿಯೇ ತನ್ನ ಕಾರ್ಯವನ್ನು ಮುಂದುವರಿಸಿದನು.

ಆಮೇಲಿನ ಪದವಿಗಳು ಒಂದರ ಮೇಲೊಂದು ಬಂದುವು: 1957ರಲ್ಲಿ ಉಪಪ್ರಧಾನಿ, 1965ರಲ್ಲಿ ಪಕ್ಷದ ಕೇಂದ್ರಸಮಿತಿಯ ಕಾರ್ಯದರ್ಶಿ. 1976ರ ಏಪ್ರಿಲಿನಲ್ಲಿ ಗ್ರೆಚ್ಕೋ ಮಡಿಯಲು ಆತನು ರಕ್ಷಣಾಮಂತ್ರಿಯಾದನು. ಯುದ್ಧಭೂಮಿಯಲ್ಲಿ ಸೈನ್ಯವನ್ನು ನಡಸದಿದ್ದರೂ ಅದೇ ವರ್ಷ ಮಾರ್ಷಲ್ ಪದವಿಯನ್ನು ಪಡೆದನು. ಮೂವತ್ತೈದು ವರ್ಷ ಆಯುಧಗಳನ್ನು ಒದಗಿಸುತ್ತಿದ್ದವನೇ ಈಗ ಅವುಗಳನ್ನು ಕೇಳುವವನೂ ಆದನು. ಇಷ್ಟು ಸಾಕೆಂದು ತಡೆಯುವ ಎದುರುಪಕ್ಷವೇ ಇಲ್ಲದಂತಾಯಿತು. 1979ರ ಡಿಸೆಂಬರಿನಲ್ಲಿ ಆಫ್ಘಾನಿಸ್ತಾನಕ್ಕೆ ಸೈನ್ಯವನ್ನು ಕಳುಹುವ ವಿಚಾರ ಬಂದಾಗ ಸೇನಾಮುಖ್ಯನಾದ ಒಗಾರ್ಕೋವನು ಬೇಡವೆಂದನು. ಮಂತ್ರಿಯು ಆ ಮಾತನ್ನು ಲಕ್ಷಿಸಲಿಲ್ಲ. ಫಿರಂಗಿಯ ಲೆಕ್ಕವನ್ನು ಬಲ್ಲವನು ಪರ್ವತದೇಶದ ಯುದ್ಧದ ಲೆಕ್ಕವನ್ನೂ ಬಲ್ಲನೆಂದು ನಂಬಿದುದೇ ಇಲ್ಲಿಯ ದೋಷವೆಂದು ತೋರುತ್ತದೆ. ಆ ಯುದ್ಧವು 1989ರ ವರೆಗೆ ಎಳೆಯಿತು.

ಉಸ್ತಿನೋವನು ಅದರ ಕೊನೆಯನ್ನು ಕಾಣದೆ 1984ರ ಡಿಸೆಂಬರ್ 20ರಂದು ತೀರಿಕೊಂಡನು. ಬಂದೂಕುಗಳಿಗೆ ಹೆಸರಾದ ಇಝೆವ್ಸ್ಕ್ ನಗರಕ್ಕೆ ಆತನ ಹೆಸರನ್ನಿಟ್ಟರು. 1987ರಲ್ಲಿ ಆ ಊರು ತನ್ನ ಹಳೆಯ ಹೆಸರನ್ನೇ ಮರಳಿ ಪಡೆಯಿತು.