ದಂಡಿನ ಬೀಡಿನಲ್ಲಿ ಅಕ್ಷರಾಭ್ಯಾಸ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಮಿಸೌರಿಯ ಶಾಸನಸಭೆಯು ಕ್ರಿ. ಶ. 1847ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ಒಂದು ಕಾನೂನನ್ನು ಮಾಡಿತು. ಆ ಸಂಸ್ಥಾನದೊಳಗೆ ಕಪ್ಪು ಜನರಿಗೆ, ಅವರು ದಾಸರಾಗಿರಲಿ ಸ್ವತಂತ್ರರಾಗಿರಲಿ, ಓದುಬರಹವನ್ನು ಕಲಿಸುವ ಪಾಠಶಾಲೆಯನ್ನು ಯಾರೂ ನಡೆಸಕೂಡದೆಂದೂ, ನಡೆಸಿದವರಿಗೆ ಐನೂರು ಡಾಲರುಗಳವರೆಗೆ ಜುಲ್ಮಾನೆಯನ್ನೂ ಆರು ತಿಂಗಳವರೆಗೆ ಸೆರೆವಾಸವನ್ನೂ ವಿಧಿಸಬಹುದೆಂದೂ ಅದರ ತಾತ್ಪರ್ಯ. ಸೇಂಟ್ ಲೂಯಿ ಪಟ್ಟಣದ ಜಾನ್ ಬೆರಿ ಮೀಚಮ್ ಎಂಬ ಕಪ್ಪು ಪಾದ್ರಿಯು, ಮಿಸಿಸಿಪಿ ಮಹಾನದಿಯ ನಡುನೀರು ಈ ಸಂಸ್ಥಾನದ ಅಧಿಕಾರಕ್ಕೆ ಒಳಪಟ್ಟದ್ದಲ್ಲವೆಂದು ತರ್ಕಿಸಿ, ಹೊಳೆಯಲ್ಲಿ ಹಡಗೊಂದನ್ನು ನಿಲ್ಲಿಸಿ ಅದರಲ್ಲಿ ಮಕ್ಕಳಿಗೆ ಪಾಠ ಹೇಳಿಸುತ್ತಿದ್ದನೆಂಬ ಪ್ರತೀತಿಯುಂಟು. ವಿದ್ಯೆಯನ್ನು ವಿಧಿನಿಷೇಧಗಳಿಂದ ತಡೆಹಿಡಿದ ಈ ಕ್ರಮವನ್ನು ಕೇಳಿ ನಾವು ಆಶ್ಚರ್ಯಪಡಬೇಕಾದುದೇನೂ ಇಲ್ಲ. ಶೂದ್ರರ ಕಿವಿಗೆ ವೇದಾಕ್ಷರವು ಬೀಳಕೂಡದೆಂದು ವಿಧಿಸಿದ ಧರ್ಮಶಾಸ್ತ್ರಗಳನ್ನು ಓದಿದವರಿಗೆ ಮಿಸೌರಿಯ ಕಾನೂನು ಅಪರಿಚಿತವಾಗಿ ತೋರದು. ಅಮೆರಿಕದ ಜನರು ದಾಸ್ಯವನ್ನು ತೊಡೆದುಹಾಕಿದುದಕ್ಕಾಗಿ ಜೋತಿರಾವ್ ಫುಲೆಯವರು 1873ರಲ್ಲಿ ತಮ್ಮ ‘ಗುಲಾಮಗಿರಿ’ಯನ್ನು ಅವರಿಗೇ ಅರ್ಪಿಸಿದುದು ಈ ಸಾಮ್ಯವನ್ನು ಕಂಡೇ ಸರಿ.

ಇಂತಹ ನಾಡಿನ ದಾಸರು ಸಿಪಾಯಿಗಳಾಗಿ, ದಂಡಿನ ಬೀಡಿನಲ್ಲಿಯೇ ಅಕ್ಷರ ಕಲಿತು, ಕಡೆಗೆ ತಮ್ಮ ಸಂಬಳದ ಹಣದಿಂದ ಒಂದು ವಿದ್ಯಾಲಯವನ್ನು ಕಟ್ಟಿದ ವೃತ್ತಾಂತವು ಪ್ರಕೃತ ಲೇಖನದ ವಿಷಯ.

1861ರಿಂದ 1865ರವರೆಗೆ ಅಮೆರಿಕದ ಉತ್ತರ ದಕ್ಷಿಣ ಸಂಸ್ಥಾನಗಳಿಗೆ ನಡೆದ ಅಂತರ್ಯುದ್ಧವು ಪ್ರಸಿದ್ಧವಾಗಿದೆ. ಮಿಸೌರಿಯು ದಾಸರನ್ನು ಇಟ್ಟುಕೊಂಡಿದ್ದರೂ ಉತ್ತರದವರ ಪಕ್ಷದಲ್ಲಿಯೇ ಉಳಿದಿದ್ದಿತು. ಆದಕಾರಣ, ಅಧ್ಯಕ್ಷ ಲಿಂಕನ್ನನು 1863ರ ಜನವರಿ 1ರಂದು ಹೊರಡಿಸಿದ ದಾಸ್ಯವಿಮೋಚನೆಯ ಘೋಷಣೆಯು ಆ ಸಂಸ್ಥಾನಕ್ಕೆ ಅನ್ವಯಿಸಲಿಲ್ಲ. ಅಲ್ಲಿಯ ಒಂದು ಲಕ್ಷಕ್ಕೂ ಮೀರಿದ ದಾಸರಿಗೆ ಆಗ ತೆರೆದಿದ್ದ ದಾರಿ ಒಂದೇ: ಸೈನ್ಯವನ್ನು ಸೇರುವುದು. ಅದೇ ವರ್ಷದ ನವೆಂಬರಿನಲ್ಲಿ, ಯಜಮಾನನ ಒಪ್ಪಿಗೆ ಇದ್ದರೂ ಇಲ್ಲದಿದ್ದರೂ ದಾಸನು ಸಿಪಾಯಿಯಾಗಬಹುದು, ಆದೊಡನೆ ಅವನು ಸ್ವತಂತ್ರನು, ಎಂದು ಅಪ್ಪಣೆಯಾಯಿತು. ಎಂಟು ಸಾವಿರಕ್ಕೂ ಮೀರಿ ಜನರು ಮಿಸೌರಿಯಲ್ಲಿ ಹೆಸರು ಕೊಟ್ಟರು. ಕಪ್ಪು ಸಿಪಾಯಿಯ ಸಂಬಳ ತಿಂಗಳಿಗೆ ಹತ್ತು ಡಾಲರು; ಅದರಲ್ಲಿ ಮೂರನ್ನು ಬಟ್ಟೆಯ ಬಾಬ್ತು ಹಿಡಿದುಕೊಂಡು ಏಳನ್ನು ಕೈಗೆ ಕೊಡುತ್ತಿದ್ದರು. ಬಿಳಿಯ ಸಿಪಾಯಿಗೆ ಹದಿಮೂರು. ಈ ಅನ್ಯಾಯವನ್ನು ಸರಿಪಡಿಸುವ ಕಾನೂನು ಬಂದದ್ದು 1864ರ ಜೂನಿನಲ್ಲಿ.

ಸೇಂಟ್ ಲೂಯಿಯ ಬೆಂಟನ್ ಬ್ಯಾರಕ್ಸ್ ಎಂಬ ಶಿಕ್ಷಣಶಿಬಿರದಲ್ಲಿ ಇವರನ್ನು ಕೂಡಿಸಿ ಪಟಾಲಮುಗಳನ್ನು ಕಟ್ಟಿದರು. ಮೊದಲನೆಯದು ಮುಂದೆ 62ನೆಯ ಪದಾತಿದಳವೆಂದೂ ಎರಡನೆಯದು 65ನೆಯದೆಂದೂ ಹೆಸರಾದುವು. ಕಾಲವು ಕಡುಚಳಿಗಾಲ. ಮೈಮೇಲೆ ಸರಿಯಾದ ಬಟ್ಟೆಯಿಲ್ಲದೆ ದೂರದಿಂದ ನಡೆದು ಬಂದವರು ಸಿಡುಬು, ದಡಾರ, ಶ್ವಾಸಕೋಶದ ಜ್ವರಗಳಿಗೆ ತುತ್ತಾದರು. 65ನೆಯ ದಳವು ತನ್ನ ಸೇವೆಯ ಅವಧಿಯಲ್ಲಿ ರೋಗದಿಂದಲೇ ಸುಮಾರು 750 ಮಂದಿಯನ್ನು ಕಳೆದುಕೊಂಡಿತು. ಹೀಗೆ ಸಾವು ಬಾಗಿಲಲ್ಲಿ ನಿಂತಿದ್ದಾಗಲೇ ಆ ಶಿಬಿರದಲ್ಲಿ ಅಕ್ಷರದ ತರಗತಿಗಳು ಆರಂಭವಾದುವೆಂಬುದು ಗಮನಿಸತಕ್ಕದ್ದು. ಪಶ್ಚಿಮದ ಆರೋಗ್ಯ ಸಮಿತಿಯೆಂಬ ಧರ್ಮಸಂಸ್ಥೆಯು ಇದಕ್ಕೆ ನೆರವಾಯಿತು. ಹದಿನಾರು ವರ್ಷಗಳ ಹಿಂದೆ ಯಾವ ಕೆಲಸಕ್ಕೆ ಸೆರೆಮನೆಯನ್ನು ಗೊತ್ತುಮಾಡಿದ್ದರೋ ಆ ಕೆಲಸವು ಅದೇ ಸಂಸ್ಥಾನದಲ್ಲಿ ಸರ್ಕಾರದ ಪಹರೆಯೊಳಗೆ ನಡೆಯಿತು.

62ನೆಯ ದಳವು ಅಲ್ಲಿಂದ ಲೂಯಿಸಿಯಾನಾ ಪ್ರಾಂತದ ಮೋರ್ಗಾಂಜಾಕ್ಕೂ, ತರುವಾಯ ಟೆಕ್ಸಸ್ಸಿನ ಕಡಲಂಚಿನ ಮರಳುದಿಣ್ಣೆಯಾದ ಬ್ರಾಜೋಸ್ ಸಾಂಟಿಯಾಗೋವಿಗೂ ಹೋಯಿತು. ದಳದ ಲೆಫ್ಟಿನೆಂಟ್ ಕರ್ನಲ್ ಡೇವಿಡ್ ಬ್ರ್ಯಾನ್ಸನ್ನನು ಹೊರಡಿಸಿದ ಕೆಲವು ಆಜ್ಞೆಗಳು ದಾಖಲೆಗಳಲ್ಲಿ ಉಳಿದುಬಂದಿವೆ. 1864ರ ಜುಲೈ ತಿಂಗಳ ಆಜ್ಞೆಯಂತೆ, ಮುಂದಿನ ಜನವರಿ 1ರ ಒಳಗಾಗಿ ಓದಲು ಕಲಿಯದ ಸಾರ್ಜೆಂಟರೂ ಕಾರ್ಪೊರಲ್ಲರೂ ತಮ್ಮ ಪದವಿಯನ್ನು ಬಿಟ್ಟು ಸಾಮಾನ್ಯ ಸಿಪಾಯಿಗಳಾಗಬೇಕು. ಓದಬಲ್ಲವರು ಆ ಸ್ಥಾನಕ್ಕೆ ಬರಬೇಕು. ಮತ್ತೊಂದು ಆಜ್ಞೆಯಲ್ಲಿ, ಇಸ್ಪೀಟು ಆಡುತ್ತ ಸಿಕ್ಕಿಬಿದ್ದವನನ್ನು ಬೀಡಿನಲ್ಲಿ ಎಲ್ಲರಿಗೂ ಕಾಣುವ ಕಡೆ ಕೈಯಲ್ಲಿ ಪುಸ್ತಕ ಕೊಟ್ಟು ನಿಲ್ಲಿಸಿ, ಅಲ್ಲಿಯೇ ಸಾಕಷ್ಟು ದೊಡ್ಡ ಪಾಠವೊಂದನ್ನು ಕಲಿಸಬೇಕೆಂದು ಹೇಳಿದೆ. ಇದಲ್ಲದೆ ಬಹುಮಾನವೂ ಇದ್ದಿತು: ಚೆನ್ನಾಗಿ ಬರೆಯಲು ಕಲಿತ ಸಾರ್ಜೆಂಟನಿಗೆ ಚಿನ್ನದ ಲೇಖನಿ, ಸಿಪಾಯಿಗೆ ಒಂದು ಒಳ್ಳೆಯ ಪುಸ್ತಕ.

ದಾನ ದಂಡಗಳೆರಡನ್ನೂ ಪ್ರಯೋಗಿಸಿದ ಈ ಅಧಿಕಾರಿಯ ಉದ್ದೇಶವು ಒಳ್ಳೆಯದೇ. ಆದರೂ ಪುಸ್ತಕವನ್ನು ಶಿಕ್ಷೆಯ ಉಪಕರಣವಾಗಿ ಮಾಡಿದುದನ್ನು ಅಧ್ಯಾಪಕ ವೃತ್ತಿಯಲ್ಲಿದ್ದವರು ಮೆಚ್ಚಲಾರರು. ಕಾಲು ತಾಗಿದರೆ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವ ಮನೆಗಳಲ್ಲಿ ಬೆಳೆದವರಂತೂ ಮೆಚ್ಚುವುದೇ ಇಲ್ಲ. ವಾಸ್ತವವಾಗಿ ದಂಡವು ಅಲ್ಲಿ ಅಷ್ಟಾಗಿ ಬೇಕಾಗಿಯೂ ಇರಲಿಲ್ಲ. ಸೈನ್ಯಕ್ಕೆ ಬೇಕಾದುದು ಹಾಜರಿಪಟ್ಟಿಯನ್ನೂ ಲಿಖಿತಾಜ್ಞೆಯನ್ನೂ ಓದಬಲ್ಲ ಸಾರ್ಜೆಂಟನು. ಅವನಿಲ್ಲದೆ ಆ ಬರಹದ ಕೆಲಸವೆಲ್ಲ ಬಿಳಿಯ ಅಧಿಕಾರಿಗಳ ತಲೆಯ ಮೇಲೆಯೇ ಬೀಳುತ್ತಿದ್ದಿತು. ಸಿಪಾಯಿಗಳಿಗೆ ಬೇಕಾಗಿದ್ದುದು ಬೇರೆ. ಇನ್ನೊಬ್ಬನ ಸ್ವತ್ತಾಗಿದ್ದಾಗ ಯಾವುದನ್ನು ತಮ್ಮಿಂದ ಬಚ್ಚಿಟ್ಟಿದ್ದರೋ ಅದರಲ್ಲಿಯೇ ಯಜಮಾನನ ಬಲವು ಅಡಗಿದೆಯೆಂದು ಅವರು ತಿಳಿದಿದ್ದರು.

ಮಿಸೌರಿಯಲ್ಲಿ ಮಾತ್ರವೇ ಹೀಗಾಯಿತೆಂದಲ್ಲ. ದಕ್ಷಿಣ ಕೆರೊಲೈನಾದ ದಳವೊಂದರಲ್ಲಿ ಸೂಸೀ ಕಿಂಗ್ ಟೇಲರ್ ಎಂಬ ಹುಡುಗಿಯು, ಸವಾನ್ನಾ ಪಟ್ಟಣದಲ್ಲಿ ದಾಸಿಯಾಗಿದ್ದಾಗ ಪುಸ್ತಕಗಳನ್ನು ಕಾಗದದಲ್ಲಿ ಸುತ್ತಿ ಮರೆಮಾಡಿಕೊಂಡು ಹೋಗಿ ಗುಟ್ಟಾಗಿ ಕಲಿತಿದ್ದ ವಿದ್ಯೆಯನ್ನು ಸಿಪಾಯಿಗಳಿಗೆ ಹೇಳಿಕೊಟ್ಟಳು. ಪಟ್ಟಿಯಲ್ಲಿ ಅವಳ ಉದ್ಯೋಗ ಬಟ್ಟೆ ಒಗೆಯುವುದು. ಪಾಠ ಹೇಳಿದುದಕ್ಕೆ ಅವಳಿಗೆ ಸಂಬಳ ಸಿಕ್ಕಲಿಲ್ಲ.

62ನೆಯ ದಳದವರು 1865ರ ಮೇ ತಿಂಗಳಲ್ಲಿ ಟೆಕ್ಸಸ್ಸಿನ ಪಾಲ್ಮಿಟೋ ರ‍್ಯಾಂಚಿನಲ್ಲಿ ಆ ಯುದ್ಧದ ಕಡೆಯ ಕಾಳಗದಲ್ಲಿಯೂ ಭಾಗಿಗಳಾದರು. 1866ರ ಜನವರಿಯಲ್ಲಿ ಅವರನ್ನು ಸೇವೆಯಿಂದ ಬಿಡುಗಡೆ ಮಾಡಿದಾಗ ಬ್ರ್ಯಾನ್ಸನ್ನನು ವಿದ್ಯೆಯ ಲೆಕ್ಕವನ್ನೂ ಒಪ್ಪಿಸಿದನು. ಉಳಿದ 431 ಮಂದಿಯಲ್ಲಿ ಓದು, ಬರಹ, ಲೆಕ್ಕ ಮೂರನ್ನೂ ಕಲಿತವರು 99, ಅರ್ಥವರಿತು ಓದಿ ಬರೆಯಬಲ್ಲವರು 200, ಓದಬಲ್ಲವರು 284, ಎರಡು ಉಚ್ಚಾರಾಂಶಗಳ ಶಬ್ದಗಳನ್ನು ಕೂಡಿಸಿ ಹೇಳುತ್ತ ಓದನ್ನು ಕಲಿಯುತ್ತಿದ್ದವರು 337. ಅಕ್ಷರಮಾಲೆಯನ್ನೇ ಅರಿಯದವರು ಹತ್ತಕ್ಕಿಂತ ಹೆಚ್ಚಿರಲಿಲ್ಲ. ಈ ಎಣಿಕೆಯಲ್ಲಿ ಮೇಲಿನವರು ಕೆಳಗಿನವರಲ್ಲಿಯೂ ಸೇರಿದ್ದಾರೆಂಬುದನ್ನು ವಾಚಕರು ಗಮನಿಸಬೇಕು. ಎರಡು ವರ್ಷಗಳ ಕವಾಯಿತು, ಕಾವಲು, ಮಣ್ಣುಕೆಲಸ, ರೋಗ, ಕಾಳಗಗಳ ನಡುವೆ ಇಷ್ಟು ಆಯಿತು. ಪಾಠಶಾಲೆಗಳನ್ನು ನಡೆಸಿದವರಿಗೆ ಈ ಫಲದ ಬೆಲೆ ಗೊತ್ತು.

ಮನೆಗೆ ಹೊರಡುವ ಮುನ್ನ ಈ ಜನರಿಗೆ ಒಂದು ಚಿಂತೆಯು ಹುಟ್ಟಿತು. ಅರ್ಧ ಕಲಿತ ವಿದ್ಯೆಯನ್ನು ಮಿಸೌರಿಗೆ ಹಿಂದಿರುಗಿ ಎಲ್ಲಿ ಮುಂದುವರಿಸುವುದು? ತಮ್ಮ ಮಕ್ಕಳನ್ನು ಎಲ್ಲಿಗೆ ಕಳುಹಿಸುವುದು? ದಳದ ಅಧಿಕಾರಿಗಳಲ್ಲೊಬ್ಬನಾದ ಲೆಫ್ಟಿನೆಂಟ್ ರಿಚರ್ಡ್ ಬ್ಯಾಕ್ಸ್‌ಟರ್ ಫಾಸ್ಟರನೂ ಅವನ ಜತೆಯವರೂ ಕೂಡಿ, ಬಿಡುಗಡೆ ಹೊಂದಿದ ಕಪ್ಪು ಜನರಿಗಾಗಿ ಮಿಸೌರಿಯಲ್ಲಿ ಒಂದು ವಿದ್ಯಾಲಯವನ್ನು ಸ್ಥಾಪಿಸತಕ್ಕದ್ದೆಂದೂ, ಅಲ್ಲಿ ವ್ಯಾಸಂಗವೂ ಕೈಕೆಲಸವೂ ಜೊತೆಯಾಗಿರತಕ್ಕದ್ದೆಂದೂ ಗೊತ್ತುಮಾಡಿದರು. ಸಿಪಾಯಿಗಳ ಮುಂದೆ ಚಂದಾ ಪಟ್ಟಿಯನ್ನಿಟ್ಟರು. ಅಧಿಕಾರಿಗಳದೂ ಸಿಪಾಯಿಗಳದೂ ಸೇರಿ 62ನೆಯ ದಳದಿಂದ ಸುಮಾರು 5,000 ಡಾಲರು ಕೂಡಿತು. ಅದರಲ್ಲಿ ಬಹುಪಾಲು ಸಿಪಾಯಿಗಳದೇ. ತಿಂಗಳಿಗೆ ಹದಿಮೂರು ಡಾಲರಿನ ಒಬ್ಬ ಸಿಪಾಯಿಯು ನೂರು ಡಾಲರುಗಳನ್ನು ಕೊಟ್ಟನು. ಎಂಟು ತಿಂಗಳ ದುಡಿಮೆ ಅದು! ಏಳುನೂರಕ್ಕೂ ಮೀರಿ ಜತೆಗಾರರನ್ನು ಹೂಳಿಬಂದಿದ್ದ 65ನೆಯ ದಳದವರು ಸುಮಾರು 1,400 ಡಾಲರು ಸೇರಿಸಿದರು.

ಹಣವನ್ನು ಹಿಡಿದು ಫಾಸ್ಟರನು ರಾಜಧಾನಿಯಾದ ಜೆಫರ್ಸನ್ ನಗರಕ್ಕೆ ಬಂದನು. ಆತನು ನ್ಯೂ ಹ್ಯಾಂಪ್‌ಷೈರಿನವನು, ಡಾರ್ಟ್‌ಮತ್ ಕಾಲೇಜಿನಲ್ಲಿ ಓದಿದವನು. ಶಾಲೆಗೆ ಸ್ಥಳ ಸಿಕ್ಕುವುದೇ ದುರ್ಲಭವಾಯಿತು. ಕಪ್ಪು ಜನರ ದೇವಾಲಯದವರನ್ನು ಕೇಳಿದರೆ, ಉಪಾಧ್ಯಾಯನು ಬಿಳಿಯನೆಂದು ಒಲ್ಲೆನೆಂದರು. ಬಿಳಿಯರ ದೇವಾಲಯದವರನ್ನು ಕೇಳಿದರೆ, ವಿದ್ಯಾರ್ಥಿಗಳು ಕಪ್ಪು ಜನರೆಂದು ಒಲ್ಲೆನೆಂದರು. ಕಡೆಗೆ ಊರ ಹೊರಗಿನ ಗುಡ್ಡದ ಮೇಲೆ ಒಂದು ಹಾಳು ಕಟ್ಟಡವು ದೊರೆಯಿತು. 1866ರ ಸೆಪ್ಟೆಂಬರ್ 17ರಂದು, ಮಳೆ ಹೊಯ್ಯುತ್ತಿದ್ದಾಗ, ಲಿಂಕನ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಿಂದ ಪಾಠವು ಆರಂಭವಾಯಿತು. ಬಂದ ವಿದ್ಯಾರ್ಥಿಗಳು ಇಬ್ಬರು.

1870ರಲ್ಲಿ ಮಿಸೌರಿಯ ಸರ್ಕಾರವೇ, ಕಪ್ಪು ಮಕ್ಕಳಿಗೆ ಪಾಠ ಹೇಳತಕ್ಕ ಉಪಾಧ್ಯಾಯರನ್ನು ತಯಾರುಮಾಡುವುದಕ್ಕಾಗಿ, ಈ ಶಾಲೆಗೆ ವರ್ಷಕ್ಕೆ 5,000 ಡಾಲರುಗಳ ಸಹಾಯವನ್ನು ಮಂಜೂರು ಮಾಡಿತು. 1879ರಲ್ಲಿ ಶಾಲೆಯು ಸರ್ಕಾರದ ವಶಕ್ಕೆ ಬಂದಿತು. 1921ರಲ್ಲಿ ಲಿಂಕನ್ ವಿಶ್ವವಿದ್ಯಾನಿಲಯವೆಂದು ಹೆಸರಾಯಿತು. 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು ವರ್ಣಭೇದದ ಶಾಲೆಗಳನ್ನು ರದ್ದುಮಾಡಿದ ಮೇಲೆ ಬಿಳಿಯ ವಿದ್ಯಾರ್ಥಿಗಳೂ ಅಲ್ಲಿಗೆ ಬಂದು ಓದತೊಡಗಿದರು.