ತವರಿನ ಕೌದಿ: ಬಂಧುಗಳಿಗಾಗಿ ಹೊಲಿದ ಹೊದಿಕೆಗಳ ಚರಿತ್ರೆಯ ಕೆಲವು ಪ್ರಶ್ನೆಗಳು

ಕರ್ನಾಟಕದ ಜವಳಿ ಚರಿತ್ರೆಯು ಬಹುಮಟ್ಟಿಗೆ ಮಗ್ಗದ ಚರಿತ್ರೆಯಾಗಿ ರಚಿತವಾಗಿದೆ. ಇದಕ್ಕೆ ಕಾರಣವೂ ಇದೆ. ಶಾಸನಗಳಲ್ಲಿ ನೇಯ್ಗೆಯವರ ದಾನದತ್ತಿಗಳು ಬರುತ್ತವೆ, ಮಗ್ಗದ ಮೇಲಿನ ತೆರಿಗೆಗಳು ಬರುತ್ತವೆ, ಬಟ್ಟೆಯ ವ್ಯಾಪಾರದಲ್ಲಿ ತೊಡಗಿದ್ದ ವರ್ತಕ ಸಂಘಗಳ ಉಲ್ಲೇಖಗಳು ಬರುತ್ತವೆ. ಮಾರಾಟವಾದದ್ದಕ್ಕೆ ಲೆಕ್ಕ ಉಳಿಯಿತು. ತೆರಿಗೆ ಬಿದ್ದದ್ದಕ್ಕೆ ದಾಖಲೆ ಉಳಿಯಿತು. ಆದರೆ ಅದೇ ಬಟ್ಟೆ ಸೀರೆಯಾಗಿ, ಧೋತರವಾಗಿ ಉಟ್ಟು ಹಳತಾದ ಮೇಲೆ ಮನೆಯ ಹೆಂಗಸರ ಕೈಗೆ ಬಂದು, ಪದರ ಪದರವಾಗಿ ಸೇರಿ, ಕೌದಿಯಾಗಿ ಇನ್ನೊಂದು ಜೀವಮಾನವನ್ನು ಕಳೆದ ಸಂಗತಿ ಯಾವ ಕಡತದಲ್ಲಿಯೂ ಸೇರಲಿಲ್ಲ. ಕೌದಿಗೆ ತೆರಿಗೆಯಿರಲಿಲ್ಲ. ಮಗಳಿಗೋ ಮೊಮ್ಮಗುವಿಗೋ ಕೊಡುವುದಕ್ಕೆಂದು ಹೊಲಿದ ವಸ್ತುವಿಗೆ ಬೆಲೆಯನ್ನು ಕಟ್ಟುವ ಪ್ರಸಂಗವೇ ಒದಗುತ್ತಿರಲಿಲ್ಲ. ಹೀಗಾಗಿ ಕೌದಿಯ ಚರಿತ್ರೆಯನ್ನು ಬರೆಯಹೊರಟವರು ಮೊದಲು ಎದುರಿಸಬೇಕಾದುದು ಆಧಾರಗಳ ಅಭಾವವನ್ನು. ಈ ಅಭಾವಕ್ಕೂ ಕೌದಿಯು ಕೊಡುಗೆಯ ವಸ್ತುವಾಗಿದ್ದುದಕ್ಕೂ ಇರುವ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉತ್ತರ ಕರ್ನಾಟಕದಲ್ಲಿ ಕೌದಿ, ಕವದಿ, ಕವುದಿ ಎಂಬ ರೂಪಗಳು ಬಳಕೆಯಲ್ಲಿವೆ. ಮರಾಠಿಯ ಗೋಧಡಿ, ತೆಲುಗಿನ ಬೊಂತ ಇದೇ ಬಗೆಯ ಹೊದಿಕೆಗಳು. ಕನ್ನಡದ ಹಳೆಯ ಸಾಹಿತ್ಯದಲ್ಲಿ ಬೊಂತೆ, ಕಂಥೆ ಎಂಬ ಮಾತುಗಳು ಹೆಚ್ಚಾಗಿ ವಿರಕ್ತರ ಸಂದರ್ಭದಲ್ಲಿ ಬರುತ್ತವೆ. ಶರಣೆ ಬೊಂತಾದೇವಿಯ ಹೆಸರು ಈ ಹೊದಿಕೆಯಿಂದಲೇ ಬಂದುದೆಂಬುದು ಶರಣ ಪರಂಪರೆಯ ನಂಬಿಕೆ. ನಿಜದೇವಿಯೆಂಬ ರಾಜಕುಮಾರಿ ಎಲ್ಲವನ್ನೂ ತೊರೆದು ದಿಗಂಬರೆಯಾಗಿ ನಡೆದಾಗ ಶಿವನೇ ಅವಳಿಗೆ ಬೊಂತೆಯನ್ನಿತ್ತನೆಂದು ಅಲ್ಲಿ ಹೇಳಲಾಗುತ್ತದೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಕೌದಿ ಪೂಜೆಯ ಸಂಪ್ರದಾಯವಿದೆ. ಹೀಗೆ ಗ್ರಂಥ ಮತ್ತು ಮಠಗಳ ಮೂಲಕ ನಮಗೆ ತಿಳಿದುಬರುವ ಕೌದಿ ಸಂಬಂಧಗಳನ್ನು ಕಳಚಿಕೊಂಡವರ ಹೊದಿಕೆ. ಮನೆಯ ಕೌದಿಯಾದರೋ ಇದಕ್ಕೆ ತೀರ ವಿರುದ್ಧವಾದುದು. ಅದು ಸಂಬಂಧಗಳನ್ನು ಕಟ್ಟುವುದಕ್ಕೆ, ಕಟ್ಟಿದ್ದನ್ನು ಉಳಿಸಿಕೊಳ್ಳುವುದಕ್ಕೆ ಬಳಕೆಯಾದುದು. ಒಂದೇ ವಸ್ತುವಿನ ಈ ಎರಡು ಮುಖಗಳಲ್ಲಿ ಮೊದಲನೆಯದಕ್ಕೆ ಸಾಹಿತ್ಯವಿದೆ, ಎರಡನೆಯದಕ್ಕೆ ಹಾಡು ಮತ್ತು ನೆನಪುಗಳು ಮಾತ್ರ ಇವೆ.

ಕೌದಿಯ ರಚನೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಲ್ಲಿ ಹಳೆಯ ಇಳಕಲ್ ಸೀರೆ ಅಥವಾ ಇನ್ನಾವುದಾದರೂ ನೂಲಿನ ಸೀರೆಯನ್ನು ತಳಕ್ಕೆ ಹಾಸಲಾಗುತ್ತದೆ. ಅದರ ಮೇಲೆ ಹರಿದ ಧೋತರ, ಅಂಗಿ, ಮತ್ತೊಂದು ಸೀರೆಯ ತುಂಡು ಹೀಗೆ ಪದರಗಳನ್ನು ಹರವುತ್ತಾರೆ. ಮೇಲ್ಮುಖಕ್ಕೆ ಗಟ್ಟಿಯಾಗಿ ಉಳಿದ, ಬಣ್ಣ ಮಾಸದ ಚೂರುಗಳನ್ನು ಆರಿಸಿಡುತ್ತಾರೆ. ಸೀರೆಯ ಸೆರಗು, ದಡಿ, ಕುಬಸದ ಕಣದ ತುಂಡುಗಳಿಗೆ ಇಲ್ಲಿ ಆದ್ಯತೆ. ಎಲ್ಲ ಪದರಗಳನ್ನೂ ಹಿಡಿದು, ಸೂಜಿ ಮೇಲೆ ಕೆಳಗೆ ಸಾಗುವ ಸಾದಾ ಹೊಲಿಗೆಯನ್ನು ಒತ್ತೊತ್ತಾಗಿ ಸಾಲುಸಾಲಾಗಿ ಹಾಕುತ್ತ ಹೋಗುತ್ತಾರೆ. ಈ ಸಾಲುಗಳೇ ಕೌದಿಯ ಬಲ. ಪದರಗಳು ಸರಿಯದಂತೆ, ಒಗೆದಾಗ ಮುದ್ದೆಯಾಗದಂತೆ ಅವು ಹಿಡಿದಿಡುತ್ತವೆ. ಕೌದಿ ಹರಿದಾಗ ಅದನ್ನು ಎಸೆಯುವುದಿಲ್ಲ. ಮೇಲೆ ಕೆಳಗೆ ಹೊಸ ಹೊದಿಕೆ ಹಾಕಿ ಮತ್ತೆ ಹೊಲಿಯುತ್ತಾರೆ. ಆದುದರಿಂದ ಒಂದು ಕೌದಿಯ ಒಳಗೆ ಅದಕ್ಕಿಂತ ಹಿಂದಿನ ತಲೆಮಾರಿನ ಕೌದಿಯೊಂದು ಅಡಗಿರುವುದು ಅಪರೂಪವಲ್ಲ. ಹೊಲಿಗೆಯ ದಟ್ಟಣೆಯಲ್ಲಿಯೂ ಪದರಗಳ ಸಂಖ್ಯೆಯಲ್ಲಿಯೂ ಯಾರಿಗಾಗಿ ಎಂಬುದರ ಗುರುತಿರುತ್ತದೆ. ಕೂಸಿನ ಕೌದಿ ತೆಳು, ಚಿಕ್ಕದು, ಮೆತ್ತಗಿರಬೇಕಾದುದು. ಬಾಣಂತಿಗೆ ಬೆಚ್ಚಗಿನ ದಪ್ಪ ಕೌದಿ. ಮುದುಕರಿಗೆ ಹಾಸಲಿಕ್ಕೊಂದು, ಹೊದೆಯಲಿಕ್ಕೊಂದು.

ಚೊಚ್ಚಲ ಹೆರಿಗೆ ತವರಿನಲ್ಲಿ ನಡೆಯುವ ರೂಢಿಯಿಂದಾಗಿ ಕೌದಿಯ ಕೊಡುಗೆಗೆ ಒಂದು ನಿಶ್ಚಿತ ಕಾಲ ಒದಗಿತು. ಮಗಳು ಬಸಿರಾದ ಸುದ್ದಿ ಬಂದ ಮೇಲೆ ತಾಯಿ, ಅಜ್ಜಿ, ಅತ್ತಿಗೆಯರು ಹಳೆಯ ಬಟ್ಟೆಗಳನ್ನು ಕೂಡಿಹಾಕತೊಡಗುತ್ತಾರೆ. ಬಾಣಂತನ ಮುಗಿದು ಮಗಳು ಗಂಡನ ಮನೆಗೆ ಮರಳುವಾಗ ತೊಟ್ಟಿಲು ಬಟ್ಟಲುಗಳೊಂದಿಗೆ ಕೂಸಿನ ಹಾಸಿಗೆ, ಕುಲಾವಿ, ಕೌದಿಗಳೂ ಹೋಗುತ್ತವೆ. ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕದೆ ಹಳೆಯ ಬಟ್ಟೆಯನ್ನೇ ಸುತ್ತುವ ವಾಡಿಕೆ ಇಲ್ಲಿ ನೆನಪಿಗೆ ಬರಬೇಕು. ಇದಕ್ಕೆ ಮೆದುವಾದ ಬಟ್ಟೆಯೆಂಬ ಉಪಯುಕ್ತತೆಯ ಕಾರಣವಿದೆ, ದೃಷ್ಟಿಯ ಭಯವಿದೆ, ಬಾಳಿ ಬದುಕಿದ ಹಿರಿಯರ ಬಟ್ಟೆ ಮಗುವಿಗೆ ಆಯುಷ್ಯ ತರುತ್ತದೆಂಬ ನಂಬಿಕೆಯೂ ಇದೆ. ಈ ಮೂರರಲ್ಲಿ ಯಾವುದು ಮೊದಲು ಎಂದು ಬಿಡಿಸಿ ಹೇಳುವುದು ಸಾಧ್ಯವೂ ಅಲ್ಲ, ಅವಶ್ಯವೂ ಅಲ್ಲ. ಕೌದಿಯನ್ನು ಬಡತನದ ವಸ್ತುವೆಂದಷ್ಟೇ ಕಾಣುವ ವಿವರಣೆ ಸಾಲದು ಎಂಬುದು ಮಾತ್ರ ಇದರಿಂದ ಸ್ಪಷ್ಟವಾಗುತ್ತದೆ. ಹೊಸ ಬಟ್ಟೆ ಕೊಳ್ಳಬಲ್ಲ ಮನೆಗಳಲ್ಲಿಯೂ ಮಗುವಿನ ಕೌದಿಗೆ ಅಜ್ಜಿಯ ಸೀರೆಯೇ ಬೇಕಾಗುತ್ತಿತ್ತು.

ಈ ಕೊಡುಗೆಗೆ ಇನ್ನೊಂದು ಹಿನ್ನೆಲೆಯಿದೆ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಾನ ಹಕ್ಕು ದೊರೆತದ್ದು ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ. ಅದೂ ಅದಕ್ಕೆ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟು. ಆ ನಿರ್ಬಂಧ ತೆಗೆದದ್ದು 2005ರ ಕೇಂದ್ರ ತಿದ್ದುಪಡಿ. ಅಲ್ಲಿಯವರೆಗೆ ಹೊಲ ಮನೆಗಳು ಗಂಡುಮಕ್ಕಳ ಸಾಲಿನಲ್ಲಿ ಇಳಿದುಬಂದರೆ, ಒಡವೆ, ಪಾತ್ರೆ, ಸೀರೆಗಳು ಮಾತ್ರ ಹೆಣ್ಣಿನಿಂದ ಹೆಣ್ಣಿಗೆ ಸಾಗಿದವು. ಇವುಗಳಲ್ಲಿಯೂ ಒಡವೆ ಪಾತ್ರೆಗಳನ್ನು ಕೊಡುವುದಕ್ಕೆ ಗಂಡಸರ ಒಪ್ಪಿಗೆ ಬೇಕಿತ್ತು. ಉಟ್ಟು ಹಳತಾದ ಸೀರೆಯ ಮೇಲೆ ಯಾರ ತಕರಾರೂ ಇರಲಿಲ್ಲ. ಅದನ್ನು ಕತ್ತರಿಸಿ ಯಾರಿಗೆ ಬೇಕಾದರೂ ಹೊಲಿದು ಕೊಡುವ ಸ್ವಾತಂತ್ರ್ಯ ಹೆಂಗಸಿನದೇ ಆಗಿತ್ತು. ಇದು ದೊಡ್ಡ ಸ್ವಾತಂತ್ರ್ಯವೆಂದು ಹೇಳಲಾಗದು. ಮನೆಯಲ್ಲಿ ಬೆಲೆಯಿಲ್ಲದ ವಸ್ತುವಿನ ಮೇಲಷ್ಟೇ ಅವಳಿಗೆ ಪೂರ್ಣ ಅಧಿಕಾರವಿತ್ತು ಎಂದೂ ಇದನ್ನು ಓದಬಹುದು. ಎರಡೂ ಓದುಗಳು ಸರಿಯೇ.

ಎಲ್ಲ ಕೌದಿಗಳನ್ನೂ ಮನೆಯವರೇ ಹೊಲಿಯುತ್ತಿದ್ದರೆಂಬ ಭಾವನೆಯೂ ಸರಿಯಲ್ಲ. ಸುಗ್ಗಿ ಮುಗಿದ ಬಿಡುವಿನಲ್ಲಿ ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಂಗಸರು ಇದ್ದರು, ಕೆಲವೆಡೆ ಈಗಲೂ ಇದ್ದಾರೆ. ಕಾಳು ಅಥವಾ ಹಣ ಅವರ ಕೂಲಿ. ಆದರೂ ಬಟ್ಟೆ ಮನೆಯದೇ, ಚೂರುಗಳ ಆಯ್ಕೆ ಬಹುಮಟ್ಟಿಗೆ ಮನೆಯವರದೇ. ಕೈ ಬೇರೆಯವರದಾದರೂ ಕೊಡುಗೆ ತವರಿನದೇ ಆಗಿ ಉಳಿಯುತ್ತಿತ್ತು.

ಇನ್ನು ಉಳಿವಿನ ಪ್ರಶ್ನೆ. ಸಂಗ್ರಹಾಲಯಗಳಲ್ಲಿ ಬಹಳ ಹಳೆಯ ಕೌದಿಗಳು ಕಾಣಸಿಗದಿರುವುದರಿಂದ ಈ ಕಲೆಯೇ ಈಚಿನದೆಂದು ತೀರ್ಮಾನಿಸುವ ಅಪಾಯವಿದೆ. ಬಂಗಾಳದ ನಿದರ್ಶನ ಇಲ್ಲಿ ಉಪಯುಕ್ತ. ಅಲ್ಲಿ 16ನೆಯ ಶತಮಾನದ ಕೊನೆ ಮತ್ತು 17ನೆಯ ಶತಮಾನದಲ್ಲಿ ಪೋರ್ಚುಗೀಸ್ ವ್ಯಾಪಾರಕ್ಕಾಗಿ ಕಾಡುರೇಷ್ಮೆಯ ದಾರದಿಂದ ಕಸೂತಿ ಮಾಡಿದ ಹೊದಿಕೆಗಳು ತಯಾರಾದವು. ಕೊಲ್ಚಾ ಎಂದು ಹೆಸರಾದ ಅವು ಇಂದಿಗೂ ಲಿಸ್ಬನ್, ಲಂಡನ್ ಮೊದಲಾದೆಡೆಯ ಸಂಗ್ರಹಗಳಲ್ಲಿವೆ. ಅದೇ ಬಂಗಾಳದಲ್ಲಿ ಮನೆಮಂದಿಗಾಗಿ ಹಳೆಯ ಸೀರೆಗಳಿಂದ ಹೊಲಿದ ಕಾಂಥಾಗಳಲ್ಲಿ ಉಳಿದಿರುವವು ಬಹುಪಾಲು 19ನೆಯ ಶತಮಾನ ಮತ್ತು ಅದರ ನಂತರದವು. ಮಾರಾಟಕ್ಕೆಂದು ಮಾಡಿದ್ದು ಸಾಗರ ದಾಟಿ ಶ್ರೀಮಂತರ ಮನೆಯಲ್ಲಿ ಜೋಪಾನವಾಯಿತು. ಬಂಧುಗಳಿಗೆಂದು ಮಾಡಿದ್ದು ಹಾಸಿ, ಹೊದ್ದು, ಮಗುವಿನ ಮೂತ್ರದಲ್ಲಿ ನೆನೆದು, ಕಲ್ಲಿನ ಮೇಲೆ ಒಗೆಸಿಕೊಂಡು ಸವೆಯಿತು. ಎರಡನೆಯದು ಸವೆದು ಹೋದದ್ದು ಅದರ ಉದ್ದೇಶ ಈಡೇರಿದ್ದರ ಗುರುತು. ಕರ್ನಾಟಕದ ಕೌದಿಗೂ ಇದೇ ಮಾತು ಅನ್ವಯಿಸುತ್ತದೆ.

ಇದಕ್ಕೊಂದು ಅಪವಾದವೆಂಬಂತೆ ಕೋಲ್ಕತ್ತದ ಗುರುಸದಯ ಸಂಗ್ರಹಾಲಯದಲ್ಲಿರುವ ಮಾನದಾಸುಂದರಿಯ ಕಾಂಥಾವನ್ನು ನೆನೆಯಬಹುದು. ಐ.ಸಿ.ಎಸ್. ಅಧಿಕಾರಿಯಾಗಿದ್ದ ಗುರುಸದಯ ದತ್ತ (1882-1941) ಅವರು ಕೂಡಿಸಿದ ಜಾನಪದ ವಸ್ತುಗಳಲ್ಲಿ ಇದೂ ಒಂದು. 19ನೆಯ ಶತಮಾನದ ಈ ಹೊದಿಕೆಯಲ್ಲಿ ಸೈನಿಕರು, ಸಾಹೇಬರು, ದೇವತೆಗಳ ಚಿತ್ರಗಳ ಜೊತೆಗೆ, ತಂದೆಗಾಗಿ ಮಗಳು ತನ್ನ ಕೈಯಾರೆ ಹೊಲಿದುದೆಂಬ ಅರ್ಥದ ಬರಹವೂ ಸೂಜಿಯಿಂದಲೇ ಮೂಡಿದೆ. ಚಿತ್ರಗಳನ್ನು ಕಲಾ ಇತಿಹಾಸಕಾರರು ಸಾಕಷ್ಟು ಚರ್ಚಿಸಿದ್ದಾರೆ. ಆದರೆ ದಾಖಲೆಯಾಗಿ ಅದರ ಮಹತ್ವವಿರುವುದು ಆ ಬರಹದಲ್ಲಿ. ಕೊಟ್ಟವಳು ಯಾರು, ಪಡೆದವರು ಯಾರು ಎಂಬ ಎರಡೂ ಸಂಗತಿಗಳನ್ನು ಹೊದಿಕೆಯೇ ಹೇಳುವುದು ಬಲು ಅಪರೂಪ. ಅಕ್ಷರ ಬಾರದ ಕೈಗಳು ಹೊಲಿದ ನಮ್ಮ ಕೌದಿಗಳಿಂದ ಇದನ್ನು ನಿರೀಕ್ಷಿಸಲಾಗದು.

ಬರಹವಿಲ್ಲದಲ್ಲಿ ಬಟ್ಟೆಯನ್ನೇ ಓದಬೇಕಾಗುತ್ತದೆ. ಒಂದು ಕೌದಿ ಅದರಲ್ಲಿರುವ ಅತ್ಯಂತ ಹೊಸ ಚೂರಿಗಿಂತ ಹಳೆಯದಾಗಿರಲು ಸಾಧ್ಯವಿಲ್ಲ. ತೇಪೆಗಳು ನಂತರ ಸೇರಿದವೇ ಎಂಬುದನ್ನು ಮಾತ್ರ ಮೊದಲು ಪರೀಕ್ಷಿಸಿಕೊಳ್ಳಬೇಕು. ಮೊದಲ ಕೃತಕ ಬಣ್ಣ ಪತ್ತೆಯಾದದ್ದು 1856ರಲ್ಲಿ, ಕೃತಕ ನೀಲಿ ಮಾರುಕಟ್ಟೆಗೆ ಬಂದದ್ದು 1897ರಲ್ಲಿ. ಪಾಲಿಯೆಸ್ಟರ್ ಬಟ್ಟೆ ಭಾರತದ ಮನೆಗಳಿಗೆ ಬಂದದ್ದು 1960ರ ದಶಕದ ನಂತರ. ಇಂಥ ಗಡಿಗಳ ನೆರವಿನಿಂದ ಕೌದಿಯ ಪದರಗಳಿಗೆ ಸ್ಥೂಲವಾಗಿಯಾದರೂ ಕಾಲ ನಿರ್ಣಯಿಸಬಹುದು. ಒಳಗಿನ ಹಳೆಯ ಕೌದಿಯನ್ನು ಬಿಚ್ಚದೆ ಹೊರಗಿನದನ್ನಷ್ಟೇ ನೋಡಿ ಕಾಲ ಹೇಳುವುದು ಅರ್ಧ ಕೆಲಸವಾಗುತ್ತದೆ. ಬಿಚ್ಚಿದರೆ ವಸ್ತುವೇ ಹಾಳಾಗುತ್ತದೆ. ಈ ಇಕ್ಕಟ್ಟಿಗೆ ಸುಲಭ ಪರಿಹಾರವಿಲ್ಲ.

ಮನೆಯ ಕೊಡುಗೆಯು ಪ್ರದರ್ಶನದ ವಸ್ತುವಾಗಿ ಬದಲಾದ ಬಗೆಯನ್ನು ಹತ್ತಿರದಿಂದ ಕಾಣಲು ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರ ಕವಂದಿಯನ್ನು ನೋಡಬೇಕು. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡುಗಳಲ್ಲಿ ನೆಲೆಸಿದ ಆಫ್ರಿಕನ್ ಮೂಲದವರ ಸಂತತಿ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳಲ್ಲಿ ವಿಶೇಷವಾಗಿದೆ. ಹಿಂದೂ, ಮುಸ್ಲಿಮ್, ಕ್ರೈಸ್ತ ಮೂರೂ ಮತಗಳವರು ಅವರಲ್ಲಿದ್ದಾರೆ. 2003ರಲ್ಲಿ ಈ ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಕವಂದಿಯನ್ನು ಒಂದು ಮೂಲೆಯಿಂದ ಆರಂಭಿಸಿ ಅಂಚಿನ ಉದ್ದಕ್ಕೂ ಚೂರುಗಳನ್ನು ಮಡಚಿಟ್ಟು ಹೊಲಿಯುತ್ತ, ಸುತ್ತು ಹಾಕಿ, ಕೊನೆಗೆ ನಡುಭಾಗವನ್ನು ತಲುಪುತ್ತಾರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಕೂಡಿಸುವ ‘ಫೂಲ’ ಎಂಬ ಹೂಗಳಿಲ್ಲದಿದ್ದರೆ ಕವಂದಿ ಬೆತ್ತಲೆಯಂತೆ ಎಂಬುದು ಹೊಲಿಯುವವರ ಅಭಿಪ್ರಾಯ. ಮಕ್ಕಳು ಮೊಮ್ಮಕ್ಕಳಿಗಾಗಿ ಹೊಲಿಯುವಾಗ ಬಣ್ಣಬಣ್ಣದ ಚಿಕ್ಕ ಚೂರುಗಳನ್ನು ಹೆಚ್ಚು ಸೇರಿಸುತ್ತಾರೆ. ಕ್ರೈಸ್ತರ ಮನೆಯ ಕವಂದಿಯಲ್ಲಿ ಶಿಲುಬೆ, ಮುಸ್ಲಿಮರದರಲ್ಲಿ ಅರ್ಧಚಂದ್ರ ಕಾಣಿಸಿಕೊಳ್ಳುವುದುಂಟು.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಅವರ ಅಧ್ಯಯನದಿಂದ ಕವಂದಿಗೆ ಹೊರಜಗತ್ತಿನ ಗಮನ ದೊರೆಯಿತು. 2004ರಲ್ಲಿ ಸಿದ್ದಿ ಮಹಿಳೆಯರ ಕವಂದಿ ಸಹಕಾರ ಸಂಘಟನೆ ರೂಪುಗೊಂಡು, ಮುಂದೆ ಅವರ ಕವಂದಿಗಳು ಅಮೆರಿಕದಲ್ಲಿ ಪ್ರದರ್ಶನಗೊಂಡವು. ಬಣ್ಣಗಳ ಜೋಡಣೆಯಲ್ಲಿ ಆಫ್ರಿಕನ್ ಸಂವೇದನೆಯನ್ನು ಗುರುತಿಸುವ ವಾದ ಈ ಸಂದರ್ಭದಲ್ಲಿ ಪ್ರಚಾರ ಪಡೆಯಿತು. ಇದನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಹಳೆಯ ಸೀರೆಯ ತಳ, ಸಾದಾ ಹೊಲಿಗೆಯ ಸಾಲುಗಳು ನೆರೆಯ ಕೌದಿ ಗೋಧಡಿಗಳಲ್ಲಿಯೂ ಇರುವುದನ್ನು ಮರೆತು ಮೂಲವನ್ನು ನೇರವಾಗಿ ಆಫ್ರಿಕಾಕ್ಕೆ ಒಯ್ಯುವುದು ಅವಸರದ ಕೆಲಸ. ಘಟ್ಟದ ಕೆಳಗೂ ಮೇಲೂ ಕೂಲಿಗೆ ಹೋದ ಸಿದ್ದಿ ಹೆಂಗಸರು ಕನ್ನಡ, ಮರಾಠಿ, ಕೊಂಕಣಿ ನೆರೆಹೊರೆಯವರಿಂದ ಕಲಿತದ್ದೂ ಅವರಿಗೆ ಕಲಿಸಿದ್ದೂ ಇರಲೇಬೇಕು.

ಮಾರಾಟದಿಂದ ಆ ಹೆಂಗಸರ ಕೈಗೆ ಹಣ ಬಂದಿತು. ಇದನ್ನು ಪರಂಪರೆಯ ನಾಶವೆಂದು ಹಳಹಳಿಸುವುದು ನ್ಯಾಯವಲ್ಲ. ಬದಲಾವಣೆಯ ಸ್ವರೂಪವನ್ನು ಮಾತ್ರ ಗುರುತಿಸಬೇಕು. ಮನೆಯ ಕವಂದಿಗೆ ಹೊದೆಯುವವರು ಮೊದಲೇ ಗೊತ್ತಿರುತ್ತಿದ್ದರು, ಅಳತೆಯೂ ಅವರ ಮೈಗೆ ತಕ್ಕುದಾಗಿರುತ್ತಿತ್ತು. ಹೊಲಿದವಳ ಹೆಸರನ್ನು ಯಾರೂ ಬರೆದಿಡುತ್ತಿರಲಿಲ್ಲ. ಪ್ರದರ್ಶನದ ಕವಂದಿಯ ಪಕ್ಕದಲ್ಲಿ ಹೊಲಿದವಳ ಹೆಸರು, ಊರು, ಅಳತೆಗಳಿರುತ್ತವೆ. ಹೊದೆಯುವವರ ಸ್ಥಾನ ಖಾಲಿಯಿರುತ್ತದೆ. ನಮ್ಮ ಸಂಗ್ರಹಾಲಯಗಳ ದಾಖಲಾತಿಯಲ್ಲಿ ವಸ್ತು, ಪ್ರದೇಶ, ಉದ್ದ ಅಗಲ, ಅಂದಾಜು ಕಾಲಗಳ ಅಂಕಣಗಳಿವೆ. ಕೌದಿಯನ್ನು ಕೊಟ್ಟ ಮನೆಯವರನ್ನು, ಇದು ಯಾರ ಸೀರೆ, ಯಾರು ಹೊಲಿದರು, ಯಾವ ಮಗುವಿಗೆ ಎಂದು ಆ ಹೊತ್ತಿನಲ್ಲಿಯೇ ಕೇಳಿ ಬರೆದುಕೊಳ್ಳುವುದಕ್ಕೆ ಇನ್ನೊಂದು ಅಂಕಣ ಸಾಕು. ಅಜ್ಜಿಯರು ಇರುವಾಗಲೇ ಅದನ್ನು ತುಂಬಿಸಬೇಕಾಗುತ್ತದೆ.