ಆಟದಂಗಳದ ಜಮಾಖರ್ಚು

ನಮ್ಮ ನಾಡಿನ ಕಾಲೇಜುಗಳಲ್ಲಿ ಕ್ರೀಡಾ ವಿಭಾಗವೆಂದರೆ ಸಾಮಾನ್ಯವಾಗಿ ಒಬ್ಬ ದೈಹಿಕ ಶಿಕ್ಷಣ ನಿರ್ದೇಶಕರು, ಒಂದು ಮೈದಾನ ಮತ್ತು ಆಟದ ಸಾಮಾನುಗಳನ್ನು ಇಡುವ ಒಂದು ಕೊಠಡಿ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇದೇ ಹೆಸರಿನ ವಿಭಾಗ ಒಂದು ಮಹಾ ಉದ್ಯಮ. ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ವಾರ್ಷಿಕ ಆದಾಯ 20 ಕೋಟಿ ಡಾಲರುಗಳನ್ನು ದಾಟಿ ವರ್ಷಗಳೇ ಸಂದವು. ಹೀಗಿದ್ದರೂ ಆ ದೇಶದ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವು, ಅಂದರೆ ಎನ್‌ಸಿಎಎ, ಪ್ರಕಟಿಸಿದ ಲೆಕ್ಕದ ಪ್ರಕಾರ 2019ರಲ್ಲಿ ಸುಮಾರು 1,100 ಸದಸ್ಯ ಕಾಲೇಜುಗಳ ಪೈಕಿ ಆಟದಿಂದ ಗಳಿಸಿದ ಹಣ ಆಟಕ್ಕೆ ಮಾಡಿದ ಖರ್ಚಿಗಿಂತ ಹೆಚ್ಚಾಗಿದ್ದದ್ದು ಕೇವಲ 25 ಕಾಲೇಜುಗಳಲ್ಲಿ. ಹೊಳೆಯಂತೆ ಹಣ ಹರಿದು ಬರುವಲ್ಲಿ ಕೊರತೆಯೇಕೆ? ಆ ಕೊರತೆಯನ್ನು ತುಂಬುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ನಾವು ಚರಿತ್ರೆಯ ಪುಟಗಳನ್ನು ತಿರುವಬೇಕು.

ಅಮೆರಿಕದ ಎರಡು ಕಾಲೇಜುಗಳ ನಡುವೆ ನಡೆದ ಮೊದಲ ಕ್ರೀಡಾ ಸ್ಪರ್ಧೆ 1852ರ ಆಗಸ್ಟ್ 3ರಂದು ನ್ಯೂ ಹ್ಯಾಂಪ್‌ಶೈರಿನ ವಿನಿಪೆಸಾಕಿ ಸರೋವರದಲ್ಲಿ ಜರುಗಿದ ಹಾರ್ವರ್ಡ್ ಮತ್ತು ಯೇಲ್ ತಂಡಗಳ ದೋಣಿ ಓಟ. ಅದರ ವೆಚ್ಚವನ್ನು ಭರಿಸಿದ್ದು ಕಾಲೇಜುಗಳಲ್ಲ, ಒಂದು ರೈಲ್ವೆ ಕಂಪನಿ. ಸರೋವರದ ತೀರಕ್ಕೆ ತನ್ನ ಗಾಡಿಗಳಲ್ಲಿ ಪ್ರವಾಸಿಗರನ್ನು ಸೆಳೆಯುವುದು ಕಂಪನಿಯ ಉದ್ದೇಶವಾಗಿತ್ತು. ಹುಡುಗರಿಗೆ ಅದೊಂದು ಉಚಿತ ವಿಹಾರ. ಕಾಲೇಜು ಕ್ರೀಡೆಯು ವ್ಯಾಪಾರದ ಕೈ ಹಿಡಿದದ್ದು ನಂತರದ ದಿನಗಳಲ್ಲಿ ಎಂದು ಹಲವರು ಭಾವಿಸುತ್ತಾರೆ. ಆದರೆ ಮೊದಲ ದಿನವೇ ವ್ಯಾಪಾರಿ ದಡದಲ್ಲಿ ನಿಂತಿದ್ದ ಎಂಬುದನ್ನು ಗಮನಿಸಿ.

1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಕಾಲೇಜು ಫುಟ್‌ಬಾಲಿನ ಮೊದಲ ಪಂದ್ಯವನ್ನು ಆಡಿದವು. ಇದರಿಂದ ಬೆಳೆದ ಅಮೆರಿಕನ್ ಫುಟ್‌ಬಾಲ್ ನಾವು ಕಾಲ್ಚೆಂಡು ಎನ್ನುವ ಆಟವಲ್ಲ. ಚೆಂಡನ್ನು ಎದೆಗವಚಿಕೊಂಡು ಓಡುವ, ಎದುರಾಳಿಯನ್ನು ಕೆಡಹುವ ಒರಟು ಆಟ ಅದು. ಆರಂಭದಲ್ಲಿ ವಿದ್ಯಾರ್ಥಿಗಳೇ ಅದನ್ನು ನಡೆಸುತ್ತಿದ್ದರು. ಜನ ಸೇರತೊಡಗಿದಂತೆ ಟಿಕೆಟಿನ ಹಣ ಬಂತು. ಹಣ ಬಂದಂತೆ ಆಡಳಿತ ಮಂಡಳಿಗಳ ಗಮನವೂ ಅತ್ತ ಹರಿಯಿತು. ಷಿಕಾಗೊ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷರಾದ ವಿಲಿಯಂ ರೇನಿ ಹಾರ್ಪರ್ ಬೈಬಲ್ ವಿದ್ವಾಂಸರು. ಅವರು 1892ರಲ್ಲಿ ಯೇಲ್ ಧರ್ಮಶಾಸ್ತ್ರ ಶಾಲೆಯಲ್ಲಿ ಓದಿದ್ದ ಅಮೋಸ್ ಅಲೊಂಜೊ ಸ್ಟಾಗ್ ಎಂಬ ತರುಣನನ್ನು ಕರೆತಂದು, ಪ್ರಾಧ್ಯಾಪಕರ ಸಾಲಿನಲ್ಲಿ ಕಾಯಂ ಹುದ್ದೆ ಕೊಟ್ಟು, ಕ್ರೀಡಾ ವಿಭಾಗವನ್ನು ಅವರ ಕೈಗಿತ್ತರು. ಬೋಧನಾ ಪೀಠ ತನಗೆ ಒಗ್ಗದೆಂದು ಅರಿತಿದ್ದ ಸ್ಟಾಗ್, ಯುವಕರ ಚಾರಿತ್ರ್ಯವನ್ನು ಮೈದಾನದಲ್ಲಿ ರೂಪಿಸುವುದೇ ತನ್ನ ಸೇವೆಯೆಂದು ನಂಬಿದ್ದರು. ಹೊಸ ವಿಶ್ವವಿದ್ಯಾಲಯದ ಹೆಸರನ್ನು ನಾಡಿಗೆಲ್ಲ ತಲುಪಿಸುವ ಕೆಲಸವನ್ನು ಹಾರ್ಪರ್ ಆಟಕ್ಕೆ ವಹಿಸಿದರು. ಇಬ್ಬರ ಉದ್ದೇಶವೂ ಸದುದ್ದೇಶವೇ. ಆದರೆ ಟಿಕೆಟಿನ ಹಣ ಬೆಳೆದಂತೆ ಕ್ರೀಡಾ ವಿಭಾಗವು ಕಾಲೇಜಿನೊಳಗೆ ತನ್ನದೇ ಖಜಾನೆ, ತನ್ನದೇ ನಿಯಮಗಳುಳ್ಳ ಒಂದು ಪ್ರತ್ಯೇಕ ಸಂಸ್ಥಾನವಾಯಿತು. ದೇಶದ ಇತರ ಕಡೆಗಳಲ್ಲಿಯೂ ಇದೇ ಮಾದರಿ ಹಬ್ಬಿತು.

ಎಚ್ಚರಿಕೆಯ ಗಂಟೆ ಬಾರಿಸಲಿಲ್ಲವೆಂದಲ್ಲ. 1905ರಲ್ಲಿ ಮೈದಾನದ ಸಾವುನೋವುಗಳು ಮಿತಿಮೀರಿದಾಗ ರಾಷ್ಟ್ರಾಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮಧ್ಯೆ ಪ್ರವೇಶಿಸಬೇಕಾಯಿತು. ಮರುವರ್ಷ ಹುಟ್ಟಿದ ಸಂಘವೇ 1910ರಲ್ಲಿ ಎನ್‌ಸಿಎಎ ಎಂಬ ಹೆಸರು ತಳೆಯಿತು. 1929ರ ಅಕ್ಟೋಬರಿನಲ್ಲಿ ಕಾರ್ನೆಗಿ ಪ್ರತಿಷ್ಠಾನವು ನೂರಕ್ಕೂ ಹೆಚ್ಚು ಕಾಲೇಜುಗಳನ್ನು ಸಂದರ್ಶಿಸಿ ಒಂದು ವರದಿಯನ್ನು ಹೊರತಂದಿತು. ಆಟಗಾರರನ್ನು ಗುಟ್ಟಾಗಿ ಹಣ ಕೊಟ್ಟು ಕರೆತರುವುದು ವ್ಯಾಪಕವಾಗಿದೆಯೆಂದೂ, ಆಟ ವಿದ್ಯಾರ್ಥಿಗಳ ಕೈತಪ್ಪಿ ವ್ಯಾಪಾರವಾಗಿದೆಯೆಂದೂ ಅದು ಹೇಳಿತು. ವರದಿ ಬಂದ ತಿಂಗಳಲ್ಲೇ ಷೇರುಪೇಟೆ ಕುಸಿಯಿತು. ಕಾಲೇಜುಗಳು ಸಾಲ ಮಾಡಿ ಕಟ್ಟಿಸಿದ್ದ ಬೃಹತ್ ಕ್ರೀಡಾಂಗಣಗಳು ಮಾತ್ರ ನಿಂತೇ ಇದ್ದವು. ಆ ಸಾಲ ತೀರಬೇಕಾದರೆ ಆಸನಗಳು ತುಂಬಬೇಕು. ಆಸನಗಳು ತುಂಬಬೇಕಾದರೆ ತಂಡ ಗೆಲ್ಲಬೇಕು. ಹೀಗೆ ಸಾಲವೇ ಆಟದ ಗತಿಯನ್ನು ನಿರ್ಧರಿಸತೊಡಗಿತು.

ಈ ಸುಳಿಯಿಂದ ಹೊರಬಂದ ಒಂದು ದೊಡ್ಡ ಹೆಸರು ಷಿಕಾಗೊ. 1935ರಲ್ಲಿ ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ, ಮುಂದೆ ಹೈಸ್ಮನ್ ಎಂದು ಹೆಸರಾದ ಪಾರಿತೋಷಕವನ್ನು ಮೊತ್ತಮೊದಲಿಗೆ ಪಡೆದವನು ಈ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಆದರೆ 1939ರ ಹೊತ್ತಿಗೆ ತಂಡ ಮಿಷಿಗನ್ ಎದುರು 85–0 ಅಂತರದಲ್ಲಿ ಸೋತಿತ್ತು. ಅಧ್ಯಕ್ಷ ರಾಬರ್ಟ್ ಮೇನಾರ್ಡ್ ಹಚಿನ್ಸ್ ಮತ್ತು ಆಡಳಿತ ಮಂಡಳಿಯ ಮುಂದೆ ಎರಡು ದಾರಿಗಳಿದ್ದವು: ಉಳಿದವರಂತೆ ಆಟಗಾರರನ್ನು ಕೊಂಡು ತರುವುದು ಅಥವಾ ಆಟವನ್ನೇ ಬಿಡುವುದು. ಅದೇ ಡಿಸೆಂಬರಿನಲ್ಲಿ ಅವರು ಎರಡನೆಯದನ್ನು ಆರಿಸಿಕೊಂಡರು. ಸೋಲುತ್ತಿದ್ದ ತಂಡವನ್ನು ಬಿಡುವುದು ಗೆಲ್ಲುವ ತಂಡವನ್ನು ಬಿಟ್ಟಷ್ಟು ಕಷ್ಟವಲ್ಲ, ನಿಜ. ಆದರೆ ಸೋತ ಇತರ ಹಲವರು ಹಾಗೆ ಮಾಡಲಿಲ್ಲ ಎಂಬುದೂ ಅಷ್ಟೇ ನಿಜ.

ಅವರು ಹಿಡಿದ ದಾರಿ ಬೇರೆಯದು. 1956ರಲ್ಲಿ ಎನ್‌ಸಿಎಎ ಆಟದ ಸಾಮರ್ಥ್ಯವೊಂದನ್ನೇ ನೋಡಿ ಪೂರ್ಣ ವಿದ್ಯಾರ್ಥಿವೇತನ ಕೊಡಲು ಅನುಮತಿಸಿತು. ಆಡುವುದಕ್ಕಾಗಿ ಹಣ ಪಡೆಯುವವನು ನೌಕರನಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. 1955ರಲ್ಲಿ ಕೊಲೊರಾಡೊ ರಾಜ್ಯದ ಒಂದು ಸಣ್ಣ ಕಾಲೇಜಿನ ಆಟಗಾರನೊಬ್ಬ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ಮೃತಪಟ್ಟಿದ್ದ. ಆತನ ವಿಧವೆ ಕಾರ್ಮಿಕರಿಗೆ ಸಲ್ಲುವ ಪರಿಹಾರವನ್ನು ಕೇಳಿದಳು. 1957ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು, ಕಾಲೇಜು ಫುಟ್‌ಬಾಲ್ ವ್ಯಾಪಾರದಲ್ಲಿ ತೊಡಗಿಲ್ಲ, ಆದ್ದರಿಂದ ಆತ ನೌಕರನಲ್ಲ ಎಂದು ತೀರ್ಪಿತ್ತಿತು. ‘ವಿದ್ಯಾರ್ಥಿ–ಕ್ರೀಡಾಪಟು’ ಎಂಬ ಜೋಡುಪದ ಹುಟ್ಟಿದ್ದು ಇದೇ ಕಾಲದಲ್ಲಿ. ಆಟಗಾರರನ್ನು ನೌಕರರೆಂದು ಪರಿಗಣಿಸಿಬಿಟ್ಟಾರು ಎಂಬ ಭಯದಿಂದಲೇ ಆ ಪದವನ್ನು ರೂಪಿಸಿದೆವೆಂದು 1951ರಿಂದ 1987ರವರೆಗೆ ಎನ್‌ಸಿಎಎ ಆಡಳಿತವನ್ನು ನಡೆಸಿದ ವಾಲ್ಟರ್ ಬೈಯರ್ಸ್ 1995ರಲ್ಲಿ ತಮ್ಮ ಪುಸ್ತಕದಲ್ಲಿ ಬರೆದರು.

ಮುಂದಿನ ತಿರುವು ದೂರದರ್ಶನದ್ದು. ಯಾವ ಪಂದ್ಯ, ಎಷ್ಟು ಸಲ ಪರದೆಯ ಮೇಲೆ ಬರಬೇಕೆಂಬುದನ್ನು ಎನ್‌ಸಿಎಎ ಹಿಡಿತದಲ್ಲಿಟ್ಟುಕೊಂಡಿತ್ತು. 1984ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 7–2 ಬಹುಮತದಿಂದ ಆ ಹಿಡಿತವನ್ನು ಮುರಿಯಿತು. ಭಿನ್ನಮತ ಸೂಚಿಸಿದ ಇಬ್ಬರಲ್ಲಿ ಒಬ್ಬರಾದ ನ್ಯಾಯಮೂರ್ತಿ ಬೈರನ್ ವೈಟ್ ಸ್ವತಃ ಹಿಂದೆ ಕಾಲೇಜು ಫುಟ್‌ಬಾಲಿನ ತಾರೆಯಾಗಿದ್ದವರು. ತೀರ್ಪಿನ ನಂತರ ಪ್ರಬಲ ವಿಶ್ವವಿದ್ಯಾಲಯಗಳೂ ಅವುಗಳ ಒಕ್ಕೂಟಗಳೂ ತಮ್ಮ ಪಂದ್ಯಗಳನ್ನು ತಾವೇ ಮಾರತೊಡಗಿದವು. ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯೊಂದರ ಪ್ರಸಾರ ಹಕ್ಕನ್ನು 2010ರಲ್ಲಿ ಎನ್‌ಸಿಎಎ 14 ವರ್ಷಗಳಿಗೆ 1,080 ಕೋಟಿ ಡಾಲರಿಗೆ ಮಾರಿತು.

ಹಾಗಾದರೆ ಕೊರತೆಯೇಕೆ? ಉತ್ತರ ಲೆಕ್ಕದ ರಚನೆಯಲ್ಲೇ ಇದೆ. ಕ್ರೀಡಾ ವಿಭಾಗಕ್ಕೆ ಷೇರುದಾರರಿಲ್ಲ, ಲಾಭ ಹಂಚುವಂತಿಲ್ಲ. ಆಟಗಾರರಿಗೆ ವಿದ್ಯಾರ್ಥಿವೇತನವನ್ನು ಮೀರಿ ಏನನ್ನೂ ಕೊಡುವಂತಿರಲಿಲ್ಲ. ಉಳಿಸಿದರೆ ಎದುರಾಳಿ ಮುಂದೆ ಹೋಗುತ್ತಾನೆ. ಆದ್ದರಿಂದ ಬಂದ ಹಣವೆಲ್ಲ ತರಬೇತುದಾರರ ಸಂಬಳಕ್ಕೂ ಭವ್ಯ ಕಟ್ಟಡಗಳಿಗೂ ಹರಿಯಿತು. ಇಂದು ಆ ದೇಶದ ಬಹುತೇಕ ರಾಜ್ಯಗಳಲ್ಲಿ ಸರ್ಕಾರಿ ವೇತನ ಪಡೆಯುವವರ ಪೈಕಿ ಅಗ್ರಸ್ಥಾನ ಒಬ್ಬ ಕಾಲೇಜು ತರಬೇತುದಾರನದು. 2023ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯವು ತನ್ನ ಫುಟ್‌ಬಾಲ್ ತರಬೇತುದಾರನನ್ನು ಕೆಲಸದಿಂದ ತೆಗೆದಾಗ, ಒಪ್ಪಂದದ ಪ್ರಕಾರ ಆತನಿಗೆ ಸಲ್ಲಬೇಕಾಗಿದ್ದ ಮೊತ್ತ 7.5 ಕೋಟಿ ಡಾಲರಿಗೂ ಹೆಚ್ಚು. ಕೊರತೆಯ ಲೆಕ್ಕವನ್ನು ಸ್ವಲ್ಪ ಎಚ್ಚರದಿಂದ ಓದಬೇಕೆಂಬುದನ್ನೂ ಇಲ್ಲಿ ಹೇಳಬೇಕು. ವಿಭಾಗವು ಖರ್ಚೆಂದು ತೋರಿಸುವ ವಿದ್ಯಾರ್ಥಿವೇತನ ಅದೇ ವಿಶ್ವವಿದ್ಯಾಲಯಕ್ಕೆ ಶುಲ್ಕವಾಗಿ ಸೇರುತ್ತದೆ; ಅದು ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗುವ ಹಣ.

ದೊಡ್ಡವರನ್ನು ಅನುಕರಿಸಹೊರಟ ಮಧ್ಯಮ ಮಟ್ಟದ ಕಾಲೇಜುಗಳ ಕೊರತೆ ಮಾತ್ರ ಸುಳ್ಳಲ್ಲ. ಅದನ್ನು ತುಂಬುವುದು ವಿಶ್ವವಿದ್ಯಾಲಯದ ಸಾಮಾನ್ಯ ನಿಧಿ ಮತ್ತು ಪ್ರತಿ ವಿದ್ಯಾರ್ಥಿಯಿಂದ ಕಡ್ಡಾಯವಾಗಿ ವಸೂಲು ಮಾಡುವ ಕ್ರೀಡಾ ಶುಲ್ಕ. ಸಾಲ ಮಾಡಿ ಓದುವ, ಒಂದು ಪಂದ್ಯವನ್ನೂ ನೋಡದ ಹುಡುಗಿಯೂ ಇದನ್ನು ತೆರುತ್ತಾಳೆ. 2015ರಲ್ಲಿ ವರ್ಜೀನಿಯಾ ರಾಜ್ಯವು ಕ್ರೀಡಾ ವೆಚ್ಚಕ್ಕೆ ಇಂತಹ ಶುಲ್ಕವನ್ನು ಎಷ್ಟರಮಟ್ಟಿಗೆ ಬಳಸಬಹುದೆಂಬುದಕ್ಕೆ ಕಾನೂನಿನ ಮಿತಿ ಹಾಕಿತು. ಇನ್ನು ಬಿಗಿಯ ಕಾಲ ಬಂದಾಗ ಮೊದಲು ಕತ್ತರಿ ಬೀಳುವುದು ಹಣ ತಾರದ ಆಟಗಳಿಗೆ. ಶ್ರೀಮಂತ ಸ್ಟ್ಯಾನ್‌ಫರ್ಡ್ ಕೂಡ 2020ರ ಜುಲೈನಲ್ಲಿ 11 ಆಟಗಳನ್ನು ಕೈಬಿಡುವುದಾಗಿ ಸಾರಿ, ಹಳೆಯ ವಿದ್ಯಾರ್ಥಿಗಳ ಪ್ರತಿಭಟನೆಯ ಬಳಿಕ 2021ರ ಮೇ ತಿಂಗಳಲ್ಲಿ ನಿರ್ಧಾರವನ್ನು ಹಿಂತೆಗೆದುಕೊಂಡಿತು.

ಕ್ರೈಸ್ತ ಸಂಸ್ಥೆಗಳು ಈ ಸೆಳೆತಕ್ಕೆ ಹೊರತಾಗಿದ್ದವೇ ಎಂದು ನೀವು ಕೇಳಬಹುದು. ಇರಲಿಲ್ಲ. ಡಲ್ಲಾಸಿನ ಸದರ್ನ್ ಮೆಥೊಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಆಟಗಾರರಿಗೆ ಗುಟ್ಟಾಗಿ ಹಣ ಸಲ್ಲುತ್ತಿತ್ತು. ಶಿಕ್ಷೆಗೆ ಒಳಗಾದ ಮೇಲೂ, ಕೊಟ್ಟ ಮಾತನ್ನು ನಡೆಸಬೇಕೆಂಬ ನೆಪದಲ್ಲಿ ಅದು ಮುಂದುವರಿಯಿತು. ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದವರಿಗೇ ಅದು ತಿಳಿದಿತ್ತು. 1987ರಲ್ಲಿ ಎನ್‌ಸಿಎಎ ಆ ವರ್ಷದ ಎಲ್ಲ ಪಂದ್ಯಗಳನ್ನೂ ರದ್ದುಮಾಡಿತು. ಮೆಥೊಡಿಸ್ಟ್ ಸಭೆಯ ಬಿಷಪರೇ ವಿಚಾರಣೆ ನಡೆಸಿ ವರದಿ ಬರೆಯಬೇಕಾಯಿತು. ಕಥೋಲಿಕರ ನೋಟರ್ ಡೇಮ್ ವಿಶ್ವವಿದ್ಯಾಲಯವಾದರೋ 1991ರಿಂದ ತನ್ನ ಪಂದ್ಯಗಳನ್ನು ಒಂದು ದೂರದರ್ಶನ ಜಾಲಕ್ಕೆ ತಾನೊಂದೇ ಮಾರಿತು. ಆ ಹಣದ ಒಂದು ಭಾಗವನ್ನು ಸಾಮಾನ್ಯ ವಿದ್ಯಾರ್ಥಿಗಳ ನೆರವಿಗೆ ತೆಗೆದಿರಿಸಿತು. 35 ವರ್ಷ ಅದರ ಅಧ್ಯಕ್ಷರಾಗಿದ್ದ ಗುರುಗಳಾದ ಫಾದರ್ ಥಿಯೋಡರ್ ಹೆಸ್ಬರ್ಗ್, ವಿಲಿಯಂ ಫ್ರೈಡೆಯವರೊಡನೆ ನೈಟ್ ಆಯೋಗದ ಮುಂದಾಳುತನ ವಹಿಸಿ, 1991ರಲ್ಲಿ ಆರ್ಥಿಕ ಪ್ರಾಮಾಣಿಕತೆಗಾಗಿ ಕರೆಕೊಟ್ಟರು. ಹತ್ತು ವರ್ಷಗಳ ನಂತರ ಅದೇ ಆಯೋಗ ಮತ್ತೆ ಕುಳಿತಾಗ, ಪರಿಸ್ಥಿತಿ ಸುಧಾರಿಸುವ ಬದಲು ಬಿಗಡಾಯಿಸಿದೆಯೆಂದು ದಾಖಲಿಸಬೇಕಾಯಿತು.

2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಮ್ಮತದಿಂದ ಎನ್‌ಸಿಎಎ ನಿರ್ಬಂಧಗಳ ವಿರುದ್ಧ ತೀರ್ಪಿತ್ತಿತು. ಅದೇ ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದಾಯಿತು. 2025ರ ಜೂನ್ 6ರಂದು ನ್ಯಾಯಾಲಯ ಅನುಮೋದಿಸಿದ ರಾಜಿ ಒಪ್ಪಂದದಂತೆ ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಸಲ್ಲಬೇಕು. 2025–26ನೇ ಸಾಲಿನಲ್ಲಿ ಪ್ರತಿ ವಿಶ್ವವಿದ್ಯಾಲಯವೂ ತನ್ನ ಆಟಗಾರರೊಂದಿಗೆ ಸುಮಾರು 2.05 ಕೋಟಿ ಡಾಲರಿನವರೆಗೆ ಹಂಚಿಕೊಳ್ಳಬಹುದು. ಬೆವರು ಸುರಿಸಿದವನಿಗೆ ಕೂಲಿ ದೊರೆತದ್ದು ನ್ಯಾಯವೇ. ಆದರೆ ತರಬೇತುದಾರನ ಸಂಬಳ ಇಳಿಯದೆ, ಕಟ್ಟಡದ ಸಾಲ ತೀರದೆ, ಈ ಹೊಸ ಖರ್ಚು ಎಲ್ಲಿಂದ ಹುಟ್ಟಬೇಕು? ಶುಲ್ಕ ಕಟ್ಟುವ ಹುಡುಗಿಯ ಹೆಸರು ಆ ಒಪ್ಪಂದದಲ್ಲಿಲ್ಲ.

2014ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಅಲಬಾಮಾ ವಿಶ್ವವಿದ್ಯಾಲಯ ವೆಚ್ಚ ತಾಳಲಾರದೆ ಫುಟ್‌ಬಾಲನ್ನು ನಿಲ್ಲಿಸಿತು. ಊರಿನವರ ಆಕ್ರೋಶದ ಮುಂದೆ ಆರು ತಿಂಗಳಲ್ಲೇ ಮಣಿದು, ಮತ್ತೆ ಆರಂಭಿಸುವುದಾಗಿ ಸಾರಿತು. ಒಮ್ಮೆ ಊರಿನ ಅಭಿಮಾನದೊಡನೆ ಬೆಸೆದುಕೊಂಡ ಖರ್ಚನ್ನು ಕಡಿಯುವುದು ಎಷ್ಟು ಕಠಿಣವೆಂಬುದಕ್ಕೆ ಇದು ಸಾಕ್ಷಿ. ಷಿಕಾಗೊದಲ್ಲಿ ಜನರಿಲ್ಲದೆ ಬರಿದಾದ ಹಳೆಯ ಸ್ಟಾಗ್ ಮೈದಾನದ ಆಸನಗಳ ಕೆಳಗೆ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿಯ ತಂಡ ಜಗತ್ತಿನ ಮೊದಲ ಅಣುಕ್ರಿಯಾಕಾರಿಯನ್ನು ನಡೆಸಿತು. ಅಲ್ಲಿ ಫುಟ್‌ಬಾಲ್ 1969ರಲ್ಲಿ ಮರಳಿ ಬಂತು, ಆದರೆ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡದ ಸಣ್ಣ ಮಟ್ಟದಲ್ಲಿ. ಹಳೆಯ ಮೈದಾನವಿದ್ದ ಜಾಗದಲ್ಲಿ 1970ರಿಂದ ವಿಶ್ವವಿದ್ಯಾಲಯದ ಗ್ರಂಥಾಲಯ ನಿಂತಿದೆ. ಆಟ ಅಲ್ಲಿ ಇಂದಿಗೂ ಇದೆ. ಸಂಸ್ಥೆಯ ಯಜಮಾನನಾಗಿ ಮಾತ್ರ ಇಲ್ಲ. ವಿದ್ಯಾಸಂಸ್ಥೆಗಳನ್ನು ಕಟ್ಟಿ ನಡೆಸುವ ನಾವು, ವಿದ್ಯೆಗೆ ನೆರವಾಗಲೆಂದು ಆರಂಭಿಸಿದ ಒಂದೊಂದು ಕೆಲಸದ ಮುಂದೆಯೂ ಆಗಾಗ ನಿಂತು, ಇದನ್ನು ನಿಲ್ಲಿಸುವ ಸ್ವಾತಂತ್ರ್ಯ ನಮಗೆ ಇನ್ನೂ ಉಳಿದಿದೆಯೇ ಎಂದು ಕೇಳಿಕೊಳ್ಳುವುದು ಒಳಿತು.